ಅಲರ್ಜಿ ಮಾತ್ರೆ ಶುರುವಾಯ್ತು ಅಂತ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 58 ವರ್ಷ. ಎರಡು ವರ್ಷದಿಂದ ರಾತ್ರಿ ಅಟೊರ್ವಾಸ್ಟಾಟಿನ್ 20 ಮಿ.ಗ್ರಾಂ ತಗೊಳ್ಳುತ್ತಿದ್ದೇನೆ. ಬೆಳಗ್ಗೆ ಬಿಪಿಗೆ ಒಂದು ಮಾತ್ರೆ ಇದೆ. ವರ್ಷದಲ್ಲಿ ಕೆಲವು ವಾರ ಸಾಲು ಸಾಲು ಸೀನು, ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ. ಸೆಟಿರಿಜಿನ್ ತಗೊಂಡರೆ ತಡೆಯುತ್ತದೆ. ಆದರೆ ಇವೆರಡನ್ನೂ ಸೇರಿಸಿ ತಗೊಂಡರೆ ಲಿವರ್ ಕೆಡುತ್ತದೆ, ಸ್ನಾಯು ಕರಗುತ್ತದೆ ಅಂತ ಪರಿಚಯದವರೊಬ್ಬರು ಹೇಳಿದರು. ಹೆದರಿಕೊಂಡು ಮೂರು ವಾರದಿಂದ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿದ್ದೇನೆ. ಮಾಡಿದ್ದು ಸರೀನಾ? ಎರಡರ ನಡುವೆ ಎಷ್ಟು ಗಂಟೆ ಅಂತರ ಬೇಕು?

ಉತ್ತರ: ಮೊದಲು ಇವತ್ತು ರಾತ್ರಿ ಏನು ಮಾಡಬೇಕು ಅನ್ನೋದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೀವು ನಿಲ್ಲಿಸಿದ್ದಕ್ಕೆ ಈ ಹೆದರಿಕೆ ಒಂದೇ ಕಾರಣ, ನಡುವೆ ಬೇರೆ ಹೊಸ ಔಷಧಿ ಯಾವುದೂ ಶುರುವಾಗಿಲ್ಲ ಅನ್ನೋದಾದರೆ, ಅಟೊರ್ವಾಸ್ಟಾಟಿನ್ ಮತ್ತೆ ಶುರು ಮಾಡಿ. ಎಂದಿನ 20 ಮಿ.ಗ್ರಾಂ, ಒಂದೇ ಮಾತ್ರೆ. ಬಿಟ್ಟುಹೋದ ದಿನಗಳ ಲೆಕ್ಕ ಹಿಡಿದು ಎರಡೆರಡು ನುಂಗಬೇಡಿ. ಸೀನು, ತುರಿಕೆ ಇದ್ದರೆ ಸೆಟಿರಿಜಿನ್ ಕೂಡ ತಗೊಳ್ಳಿ. ಎರಡನ್ನೂ ಒಂದೇ ಲೋಟ ನೀರಿನಲ್ಲಿ ನುಂಗಿದರೂ ತೊಂದರೆ ಇಲ್ಲ, ಗಂಟೆಗಳ ಅಂತರ ಬೇಕಾಗಿಲ್ಲ. ನಾಳೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಮೂರು ವಾರ ನಿಲ್ಲಿಸಿದ್ದೆ ಅಂತ ತಿಳಿಸಿ. ಬೈತಾರೆ ಅಂತ ಮುಚ್ಚಿಡಬೇಡಿ. ಅದು ಯಾಕೆ ಮುಖ್ಯ ಅಂತ ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ಪರಿಚಯದವರ ಮಾತು ಪೂರ್ತಿ ಸುಳ್ಳಲ್ಲ. ಸ್ಟ್ಯಾಟಿನ್, ಅಂದರೆ ನಿಮ್ಮ ಅಟೊರ್ವಾಸ್ಟಾಟಿನ್ ಸೇರಿರುವ ಕೊಲೆಸ್ಟ್ರಾಲ್ ಮಾತ್ರೆಗಳ ಗುಂಪು, ಅದರ ಜೊತೆ ಸೇರಬಾರದ ಔಷಧಿಗಳು ಇವೆ. ಸೇರಿದರೆ ಸ್ನಾಯುಗಳಿಗೆ ಪೆಟ್ಟು ಬೀಳುವುದೂ ನಿಜ. ಆದರೆ ಆ ಪಟ್ಟಿಯಲ್ಲಿ ಸೆಟಿರಿಜಿನ್ ಇಲ್ಲ. ಬೇರೆ ಯಾರದೋ ತಪ್ಪು ಇದರ ತಲೆಗೆ ಬಂದಿದೆ, ಅಷ್ಟೇ.

ಇದು ಅರ್ಥ ಆಗಬೇಕಾದರೆ ಲಿವರ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು. ನಾವು ನುಂಗುವ ಬಹಳಷ್ಟು ಔಷಧಿಗಳನ್ನು ಲಿವರ್‌ನಲ್ಲಿರುವ ಕಿಣ್ವಗಳು ಒಡೆದು ಹೊರಗೆ ಹಾಕುತ್ತವೆ. ಅದರಲ್ಲಿ ಸಿವೈಪಿ 3ಎ4 ಅನ್ನುವ ಕಿಣ್ವಕ್ಕೆ ಕೆಲಸ ಜಾಸ್ತಿ. ಅಟೊರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್, ಲೊವಾಸ್ಟಾಟಿನ್ ಮೂರೂ ಈ ದಾರಿಯಲ್ಲೇ ಹೋಗಬೇಕು. ರೋಸುವಾಸ್ಟಾಟಿನ್, ಪ್ರವಾಸ್ಟಾಟಿನ್ ಈ ದಾರಿಯನ್ನು ಹೆಚ್ಚು ನೆಚ್ಚಿಕೊಂಡಿಲ್ಲ. ಇಲ್ಲಿ ಒಂದು ವ್ಯತ್ಯಾಸ ಚೆನ್ನಾಗಿ ನೆನಪಿಡಿ: ಒಂದು ಔಷಧಿ ಆ ದಾರಿಯಲ್ಲಿ ನಡೆದುಹೋಗುವುದು ಬೇರೆ, ದಾರಿಗೆ ಅಡ್ಡ ಮಲಗುವುದು ಬೇರೆ. ನಡೆದುಹೋಗುವವರು ಎಷ್ಟೋ ಜನ ಇದ್ದರೂ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಅಡ್ಡ ಮಲಗುವ ಔಷಧಿ ಬಂದಾಗ ಸ್ಟ್ಯಾಟಿನ್ ಹೊರಗೆ ಹೋಗಲಾಗದೆ ರಕ್ತದಲ್ಲೇ ಉಳಿಯುತ್ತದೆ, ನೀವು ನುಂಗಿದ್ದು 20 ಮಿ.ಗ್ರಾಂ ಆದರೂ ಮೈಗೆ ಅದರ ಹಲವು ಪಟ್ಟು ನುಂಗಿದ ಹಾಗೆ ಆಗುತ್ತದೆ. ಸ್ನಾಯುಗಳು ನರಳುವುದು ಆಗ.

ಸೆಟಿರಿಜಿನ್ ನಡೆದುಹೋಗುವ ಗುಂಪಿನಲ್ಲೂ ಇಲ್ಲ, ಅಡ್ಡ ಮಲಗುವ ಗುಂಪಿನಲ್ಲೂ ಇಲ್ಲ. ಅದರ ಬಹುಪಾಲು ಹೆಚ್ಚು ಬದಲಾಗದೆ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಲೆವೊಸೆಟಿರಿಜಿನ್ ಕೂಡ ಹಾಗೇ. ಹಾಗಾಗಿ ಇವಕ್ಕೆ ಲಿವರ್‌ಗಿಂತ ಕಿಡ್ನಿ ಮುಖ್ಯ. ರಕ್ತ ಪರೀಕ್ಷೆಯಲ್ಲಿ ನಿಮ್ಮ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ತೋರಿಸುವ ಅಂಶ) ಜಾಸ್ತಿ ಇದೆ ಅಂತ ಯಾರಾದರೂ ಹೇಳಿದ್ದರೆ 10 ಮಿ.ಗ್ರಾಂ ಬದಲು 5 ಸಾಕಾಗಬಹುದು, ಕೇಳಿ ತಿಳಿದುಕೊಳ್ಳಿ.

ಅಲರ್ಜಿ ಮಾತ್ರೆ ಬೇರೆ ಔಷಧಿಗೆ ಆಗಿಬರುವುದಿಲ್ಲ ಅನ್ನುವ ಭಯಕ್ಕೆ ಒಂದು ಕಾಲದಲ್ಲಿ ಗಟ್ಟಿ ಕಾರಣ ಇತ್ತು. ಟೆರ್ಫೆನಡಿನ್ ಅಂತ ಒಂದು ಮಾತ್ರೆ, 1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ನಿದ್ದೆ ಬರಿಸದ ಅಲರ್ಜಿ ಮಾತ್ರೆ ಅಂತ ಜನ ಖುಷಿಯಿಂದ ತಗೊಂಡರು. ಅದು 3ಎ4 ದಾರಿಯಲ್ಲಿ ಹೋಗುವ ಔಷಧಿ. ಎರಿಥ್ರೋಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಅಥವಾ ಕೀಟೊಕೊನಜೋಲ್ ಅನ್ನುವ ಫಂಗಸ್ ಔಷಧಿ ಜೊತೆಗೆ ಸೇರಿದಾಗ ದಾರಿ ಮುಚ್ಚಿ ಅದು ರಕ್ತದಲ್ಲಿ ಏರಿತು, ಕೆಲವರ ಹೃದಯದ ಲಯವೇ ತಪ್ಪಿ ಜೀವ ಹೋಯಿತು. 1998ರಲ್ಲಿ ಅಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು. ಅದರ ಜಾಗಕ್ಕೆ ಬಂದದ್ದು ಫೆಕ್ಸೋಫೆನಡಿನ್. ಲಿವರ್ ಟೆರ್ಫೆನಡಿನ್ ಅನ್ನು ಒಡೆದು ಏನು ಮಾಡುತ್ತಿತ್ತೋ ಅದೇ ಇದು. ಆ ಕೆಲಸ ಮೊದಲೇ ಮುಗಿದಿರುವುದರಿಂದ ಲಿವರ್‌ಗೆ ಇದನ್ನು ಮತ್ತೆ ಒಡೆಯುವ ಗೋಜು ಬಹಳ ಕಡಿಮೆ, ಹೃದಯಕ್ಕೆ ಆ ಅಪಾಯವೂ ಇಲ್ಲ. ಸ್ಟ್ಯಾಟಿನ್ ತಗೊಳ್ಳುವವರಿಗೆ ಇದೂ ಒಳ್ಳೆಯ ಆಯ್ಕೆಯೇ. ಮೂಗಿಗೆ ಕೊಡುವ ಇನ್ನೆರಡು ಮಾತ್ರೆಗಳು, ಲೊರಾಟಡಿನ್ ಮತ್ತು ಡೆಸ್‌ಲೊರಾಟಡಿನ್, ಇವೂ ಅಟೊರ್ವಾಸ್ಟಾಟಿನ್ ಜೊತೆ ಗಲಾಟೆ ಮಾಡುವುದಿಲ್ಲ. ಲೊರಾಟಡಿನ್ ಆ ದಾರಿಯಲ್ಲಿ ನಡೆದುಹೋಗುತ್ತದೆ, ಆದರೆ ಅಡ್ಡ ಮಲಗುವುದಿಲ್ಲ. ಮಾಂಟೆಲುಕಾಸ್ಟ್ ಕೂಡ ಸ್ಟ್ಯಾಟಿನ್ ಜೊತೆ ಸಮಸ್ಯೆ ಮಾಡುವುದಿಲ್ಲ. ಅದರ ಚಿಂತೆ ಬೇರೆ: ಕೆಲವರಿಗೆ ಕೆಟ್ಟ ಕನಸು, ಮಂಕು, ಮನಸ್ಸಿನ ಏರುಪೇರು ಆಗಬಹುದು. ಈ ಬಗ್ಗೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನ್ನ ಅತಿ ಗಟ್ಟಿ ಎಚ್ಚರಿಕೆಯನ್ನೇ ಹಾಕಿಸಿತು. ಹಾಗಾಗಿ ಬರೀ ಸೀನಿಗೆ ಅದನ್ನು ಮೊದಲೇ ಶುರು ಮಾಡುವುದು ನನಗೆ ಇಷ್ಟವಿಲ್ಲ.

ಒಂದು ಮಾತ್ರೆಯ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳುತ್ತೇನೆ. ರೂಪಾಟಡಿನ್. ಅದು 3ಎ4 ದಾರಿಯ ಔಷಧಿ. ಪ್ರಯೋಗದ ಸಮಯದಲ್ಲಿ ಕೆಲವರಲ್ಲಿ ಏನೂ ತೊಂದರೆ ಕಾಣದೆಯೂ ಸ್ನಾಯು ಕಿಣ್ವ ರಕ್ತದಲ್ಲಿ ಏರಿದ್ದು ಕಂಡಿತ್ತು. ಹಾಗಾಗಿ ಸ್ಟ್ಯಾಟಿನ್ ಜೊತೆ ಕೊಡುವಾಗ ಎಚ್ಚರಿಕೆ ಇರಲಿ ಅಂತ ಅದರ ಮಾಹಿತಿ ಚೀಟಿಯಲ್ಲೇ ಬರೆದಿರುತ್ತಾರೆ. ಕೊಡಲೇಬಾರದು ಅಂತಲ್ಲ. ಆದರೆ ಸೆಟಿರಿಜಿನ್, ಫೆಕ್ಸೋಫೆನಡಿನ್ ತರಹದ ನಿರಾಳ ಮಾತ್ರೆಗಳು ಕೈಗೆ ಸಿಗುವಾಗ ಈ ಎಚ್ಚರಿಕೆಯನ್ನು ಸುಮ್ನೆ ಯಾಕೆ ಹೊತ್ತುಕೊಳ್ಳಬೇಕು, ಅಲ್ವಾ?

ಈಗ ನಿಜವಾದ ಅಪಾಯದ ಕಡೆ ಬರೋಣ. ಅಪಾಯ ಅಲರ್ಜಿ ಮಾತ್ರೆಯಲ್ಲಿ ಇಲ್ಲ, ಅಲರ್ಜಿಯ ಬೆನ್ನಿಗೆ ಬರುವ ಮೂರನೇ ಔಷಧಿಯಲ್ಲಿ ಇದೆ. ನಾನು ನೋಡಿದ ಒಬ್ಬರ ಕಥೆ ಹೇಳುತ್ತೇನೆ. ಅರವತ್ತು ದಾಟಿದವರು, ವರ್ಷಗಳಿಂದ ಸಿಮ್ವಾಸ್ಟಾಟಿನ್ 40 ಮಿ.ಗ್ರಾಂ ತಗೊಳ್ಳುತ್ತಿದ್ದರು. ಮೂಗಿನ ಅಲರ್ಜಿ ಹೆಚ್ಚಾಗಿ ಸೈನಸ್ ಕಟ್ಟಿತು, ಕೆನ್ನೆ ನೋವು, ಹಳದಿ ಸಿಂಬಳ, ಜ್ವರ. ಬೇರೆ ಕಡೆ ತೋರಿಸಿದರು. ಏನೇನು ಮಾತ್ರೆ ತಗೊಳ್ಳುತ್ತೀರಿ ಅಂತ ಕೇಳಿದ್ದಕ್ಕೆ ಬಿಪಿ ಮಾತ್ರೆ ಹೇಳಿದರು, ಕೊಲೆಸ್ಟ್ರಾಲ್ ಮಾತ್ರೆ ಬಾಯಿಗೆ ಬರಲಿಲ್ಲ. ಕ್ಲಾರಿಥ್ರೋಮೈಸಿನ್ ಬರೆದುಕೊಟ್ಟರು, ಜೊತೆಗೆ ಒಂದು ಅಲರ್ಜಿ ಮಾತ್ರೆ. ಐದಾರು ದಿನಕ್ಕೆ ನನ್ನ ಹತ್ತಿರ ಬಂದಾಗ ಕುರ್ಚಿಯಿಂದ ಏಳಲು ಎರಡೂ ಕೈ ತೊಡೆಯ ಮೇಲೆ ಊರಿ, ಮುಂದಕ್ಕೆ ಬಾಗಿ, ಒಂದು ಸಲ ಸೋತು, ಮತ್ತೆ ಎದ್ದರು. ತೊಡೆ ಮುಟ್ಟಿದರೆ ಮುಖ ಹಿಂಡಿದರು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದೆ ಅಂದರು. ಪ್ಲಾಸ್ಟಿಕ್ ಚೀಲದಿಂದ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು, ಸೆಟಿರಿಜಿನ್ ಸ್ಟ್ರಿಪ್ ಮೇಲೆ ಬೆರಳಿಟ್ಟು, 'ಇದೇ ನೋಡಿ, ಇದು ಶುರು ಮಾಡಿದ ಮೇಲೇ ಹೀಗಾಯ್ತು' ಅಂದರು. ತಪ್ಪು ಅದರ ಪಕ್ಕದಲ್ಲೇ ಬಿದ್ದಿದ್ದ ಆ್ಯಂಟಿಬಯಾಟಿಕ್‌ನದು. ಸಿಕೆ ಪರೀಕ್ಷೆಯಲ್ಲಿ ಸ್ನಾಯು ಕಿಣ್ವ ಸಿಕ್ಕಾಪಟ್ಟೆ ಏರಿತ್ತು. ಎರಡೂ ನಿಲ್ಲಿಸಿ, ಆಸ್ಪತ್ರೆಗೆ ಸೇರಿಸಿ, ಡ್ರಿಪ್ ಹಾಕಿ, ಕಿಡ್ನಿ ಉಳಿಸಿಕೊಂಡೆವು. ಅವರು ಹುಷಾರಾದರು. ಆದರೆ ಆ ಕುರ್ಚಿಯಿಂದ ಏಳುವ ಕಷ್ಟ ನನಗೆ ಇನ್ನೂ ಕಣ್ಣ ಮುಂದಿದೆ.

ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್ ಎರಡೂ ದಾರಿಗೆ ಅಡ್ಡ ಮಲಗುವ ಔಷಧಿಗಳು. ಸಿಮ್ವಾಸ್ಟಾಟಿನ್ ಜೊತೆ ಇವನ್ನು ಕೊಡಲೇಬಾರದು. ಅಟೊರ್ವಾಸ್ಟಾಟಿನ್ ಆದರೆ ಕ್ಲಾರಿಥ್ರೋಮೈಸಿನ್ ಇರುವಾಗ ದಿನಕ್ಕೆ 20 ಮಿ.ಗ್ರಾಂ ದಾಟಬಾರದು, ಅಂದರೆ ನೀವು ಸರಿಯಾಗಿ ಗಡಿಯ ಮೇಲೆ ನಿಂತಿದ್ದೀರಿ. ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್, ಕೀಟೊಕೊನಜೋಲ್ ಮಾತ್ರೆಗಳದ್ದೂ ಇದೇ ಕಥೆ. ಚರ್ಮದ ತುರಿಕೆಯನ್ನು ಅಲರ್ಜಿ ಅಂದುಕೊಂಡು ಹೋದವರಿಗೆ ಕೊನೆಗೆ ಹುಳುಕಡ್ಡಿ ಅಂತ ಗೊತ್ತಾಗಿ ಇಟ್ರಾಕೊನಜೋಲ್ ಸಿಗುವುದು ಅಪರೂಪವೇನಲ್ಲ. ಇಂಥ ಸಂದರ್ಭ ಬಂದಾಗ ಮೂರು ದಾರಿ ಇವೆ: ಬೇರೆ ಆ್ಯಂಟಿಬಯಾಟಿಕ್ ಕೊಡಬಹುದು, ಅಜಿಥ್ರೋಮೈಸಿನ್‌ನಲ್ಲಿ ಈ ಗುಣ ಬಹಳ ಕಡಿಮೆ. ಅಥವಾ ಆ ನಾಲ್ಕಾರು ದಿನ ಮಾತ್ರ ಸ್ಟ್ಯಾಟಿನ್ ನಿಲ್ಲಿಸಿ ಮತ್ತೆ ಶುರು ಮಾಡಿಸಬಹುದು. ಇಲ್ಲವೇ ಬೇರೆ ಸ್ಟ್ಯಾಟಿನ್‌ಗೆ ಬದಲಾಯಿಸಬಹುದು. ಸ್ಟ್ಯಾಟಿನ್ ನಿಲ್ಲಿಸುವುದಕ್ಕೂ ಒಂದು ಸಮಯ ಇದೆ ಅಂತ ನಾನೇ ಒಪ್ಪುತ್ತೇನೆ, ಆದರೆ ಅದು ಬರೆದುಕೊಟ್ಟ ಡಾಕ್ಟರ್ ಯಾವತ್ತು ನಿಲ್ಲಿಸಬೇಕು, ಯಾವತ್ತು ಮತ್ತೆ ಶುರು ಮಾಡಬೇಕು ಅಂತ ಎರಡೂ ತಾರೀಕು ಹೇಳಿ ನಿಲ್ಲಿಸುವುದು.

ಕೊಲೆಸ್ಟ್ರಾಲ್‌ಗೆ ಕೊಡುವುದೆಲ್ಲ ಸ್ಟ್ಯಾಟಿನ್ ಅಲ್ಲ. ಇದನ್ನು ಓದುತ್ತಿರುವ ಬೇರೆಯವರಿಗಾಗಿ ಎರಡು ಮಾತು. ಕೊಲೆಸ್ಟಿರಮಿನ್ ಪುಡಿ ಹೊಟ್ಟೆಯಲ್ಲಿ ಬೇರೆ ಔಷಧಿಗಳನ್ನೂ ಅಂಟಿಸಿಕೊಂಡು ಹೊರಗೆ ಒಯ್ಯುತ್ತದೆ. ಅಲ್ಲಿ ಮಾತ್ರ ಗಂಟೆ ಲೆಕ್ಕ ನಿಜವಾಗಿ ಬೇಕು: ಬೇರೆ ಮಾತ್ರೆ ಯಾವುದಿದ್ದರೂ ಪುಡಿಗಿಂತ ಒಂದು ಗಂಟೆ ಮೊದಲು, ಇಲ್ಲವೇ ನಾಲ್ಕರಿಂದ ಆರು ಗಂಟೆ ಆದ ಮೇಲೆ. ಜೆಮ್‌ಫೈಬ್ರೊಜಿಲ್ ತಗೊಳ್ಳುವವರಲ್ಲಿ ಮಾಂಟೆಲುಕಾಸ್ಟ್ ಮಟ್ಟ ಏರುತ್ತದೆ. ಸ್ಟ್ಯಾಟಿನ್ ಜೊತೆಗಂತೂ ಜೆಮ್‌ಫೈಬ್ರೊಜಿಲ್ ಒಳ್ಳೆಯ ಜೋಡಿಯೇ ಅಲ್ಲ. ನಿಯಾಸಿನ್ ತಗೊಂಡಾಗ ಮುಖ ಕೆಂಪಾಗಿ, ಬಿಸಿಯಾಗಿ, ಮೈ ತುರಿಸಿದರೆ ಅದು ಔಷಧಿಯ ಗುಣ, ಸಾಮಾನ್ಯವಾಗಿ ಅಲರ್ಜಿ ಅಲ್ಲ.

ಎರಡನೇ ಮುಖ್ಯ ವಿಷಯ, 'ಶೀತದ ಮಾತ್ರೆ'. ಒಂದು ಸ್ಟ್ರಿಪ್ ತಿರುಗಿಸಿ ಹಿಂಬದಿ ಓದಿ ನೋಡಿ. ಮುಂದೆ ದೊಡ್ಡ ಅಕ್ಷರದಲ್ಲಿ ಒಂದೇ ಹೆಸರು. ಹಿಂದೆ ಸಣ್ಣ ಅಕ್ಷರದಲ್ಲಿ ಮೂರು ಸಾಲು: ಪ್ಯಾರಸಿಟಮಾಲ್, ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್. ಅಂದರೆ ಜ್ವರಕ್ಕೊಂದು, ಅಲರ್ಜಿಗೊಂದು, ಮೂಗು ಕಟ್ಟಿದ್ದಕ್ಕೊಂದು, ಮೂರೂ ಒಂದೇ ಗುಳಿಗೆಯಲ್ಲಿ. ನೀವು ಆಗಲೇ ಸೆಟಿರಿಜಿನ್ ತಗೊಂಡಿದ್ದರೆ ಈಗ ಅಲರ್ಜಿ ಔಷಧಿ ಎರಡಾಯಿತು. ಕ್ಲೋರ್‌ಫೆನಿರಮಿನ್ ಹಳೇ ಕಾಲದ್ದು, ನಿದ್ದೆ, ತಲೆ ಭಾರ, ಬಾಯಿ ಒಣಗುವುದು ಜಾಸ್ತಿ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಮೂತ್ರವೇ ಕಟ್ಟಿಬಿಡಬಹುದು. ವಯಸ್ಸಾದವರು ರಾತ್ರಿ ಎದ್ದು ನಡೆಯುವಾಗ ಬೀಳುತ್ತಾರೆ. ಇದೇ ಹಳೇ ಗುಂಪಿನ ಡೈಫೆನ್‌ಹೈಡ್ರಮಿನ್, ಬಿಪಿಗೆ ಕೊಡುವ ಮೆಟೊಪ್ರೊಲಾಲ್ ಮಟ್ಟವನ್ನೂ ಏರಿಸಿ ನಾಡಿ ನಿಧಾನ ಮಾಡಬಹುದು. ಇನ್ನು ಮೂಗಿನ ಕಟ್ಟು ಬಿಡಿಸುವ ಸ್ಯೂಡೋಎಫೆಡ್ರಿನ್, ಅದು ಸ್ಟ್ಯಾಟಿನ್‌ಗೆ ಏನೂ ಮಾಡುವುದಿಲ್ಲ, ಆದರೆ ಬಿಪಿ ಏರಿಸುತ್ತದೆ, ಎದೆಬಡಿತ ಜಾಸ್ತಿ ಮಾಡುತ್ತದೆ. ನೀವು ಸ್ಟ್ಯಾಟಿನ್ ನುಂಗುವುದೇ ಹೃದಯಕ್ಕಾಗಿ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ ಆಗುತ್ತದೆ. ಫಿನೈಲೆಫ್ರಿನ್ ಬಾಯಿಯ ಮೂಲಕ ತಗೊಂಡರೆ ಮೂಗಿಗೆ ಉಪಯೋಗವೇ ಇಲ್ಲ ಅಂತ 2023ರಲ್ಲಿ ಎಫ್‌ಡಿಎ ಸಲಹಾ ಸಮಿತಿ ಒಮ್ಮತದಿಂದ ಹೇಳಿದೆ. ಹಾಗಾಗಿ ಬಿಪಿ ಇರುವವರು ಅಲರ್ಜಿಗೆ ಒಂಟಿ ಔಷಧಿ ಇರುವ ಮಾತ್ರೆಯನ್ನೇ ಕೇಳಿ ತಗೊಳ್ಳಿ.

ನಿಮ್ಮ ಹಾಗೆ ಪ್ರತಿ ವರ್ಷ ವಾರಗಟ್ಟಲೆ ಕಾಡುವವರಿಗೆ ನಾನು ಮಾತ್ರೆಗಿಂತ ಮೂಗಿನ ಸ್ಟೆರಾಯ್ಡ್ ಸ್ಪ್ರೇ ಮೇಲೆ ಹೆಚ್ಚು ಭರವಸೆ ಇಡುತ್ತೇನೆ. ಫ್ಲೂಟಿಕಾಸೋನ್, ಮೊಮೆಟಾಸೋನ್ ಇಂಥವು. ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಸ್ಟ್ಯಾಟಿನ್ ಜೊತೆ ಯಾವ ತಕರಾರೂ ಇಲ್ಲ. ಆದರೆ ಹಾಕಿಕೊಳ್ಳುವ ರೀತಿ ಸರಿ ಇರಬೇಕು. ಬಹಳ ಜನ ತಲೆ ಹಿಂದಕ್ಕೆ ಎತ್ತಿ, ಸ್ಪ್ರೇ ಹೊಡೆದು, ಜೋರಾಗಿ ಎಳೆದುಕೊಳ್ಳುತ್ತಾರೆ. ಔಷಧಿ ಗಂಟಲಿಗೆ ಇಳಿದುಹೋಗುತ್ತದೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲ ಮೂಗಿಗೆ ಎಡಗೈ, ಎಡ ಮೂಗಿಗೆ ಬಲಗೈ ಬಳಸಿ. ಹಾಗೆ ಮಾಡಿದರೆ ತುದಿ ತಾನಾಗೇ ನಡುಗೋಡೆ ಬಿಟ್ಟು ಹೊರಗೋಡೆ ಕಡೆ, ಅಂದರೆ ಕಣ್ಣಿನ ಹೊರ ಮೂಲೆಯ ಕಡೆ ತಿರುಗುತ್ತದೆ. ಮೆಲ್ಲಗೆ ಉಸಿರು ಎಳೆದುಕೊಳ್ಳಿ. ಒಂದೆರಡು ದಿನಕ್ಕೆ ಬಿಡಬೇಡಿ, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕಾಗಬಹುದು. ತಕ್ಷಣ ಮೂಗು ಬಿಡಿಸುವ ಆಕ್ಸಿಮೆಟಾಜೊಲಿನ್ ತರಹದ ಹನಿಗಳು ಬೇರೆ. ಅವನ್ನು ಮೂರ್ನಾಲ್ಕು ದಿನಕ್ಕಿಂತ ಮುಂದುವರಿಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ.

ಹಣ್ಣಿನ ರಸದ ವಿಷಯ ಒಂದು ವಿಚಿತ್ರ. ಗ್ರೇಪ್‌ಫ್ರೂಟ್ ಅನ್ನುವ ಹಣ್ಣಿನ ರಸ ಕರುಳಿನಲ್ಲಿರುವ 3ಎ4 ಅನ್ನು ತಡೆದು ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಮಟ್ಟ ಏರಿಸುತ್ತದೆ, ರೂಪಾಟಡಿನ್ ಅನ್ನೂ ಏರಿಸುತ್ತದೆ. ಅದೇ ರಸ ಫೆಕ್ಸೋಫೆನಡಿನ್ ಮಟ್ಟವನ್ನು ಇಳಿಸುತ್ತದೆ, ಯಾಕೆಂದರೆ ಅದನ್ನು ಕರುಳಿನಿಂದ ಒಳಗೆ ಎಳೆದುಕೊಳ್ಳುವ ವ್ಯವಸ್ಥೆಯನ್ನೇ ತಡೆಯುತ್ತದೆ. ಕಿತ್ತಳೆ, ಸೇಬಿನ ರಸವೂ ಫೆಕ್ಸೋಫೆನಡಿನ್‌ಗೆ ಹೀಗೇ ಮಾಡುತ್ತದೆ. ಆ ಮಾತ್ರೆ ಕೆಲಸವೇ ಮಾಡುತ್ತಿಲ್ಲ ಅನ್ನುವವರನ್ನು ನಾನು ಮೊದಲು ಕೇಳುವುದು ಏನರಲ್ಲಿ ನುಂಗುತ್ತೀರಿ ಅಂತ. ನೀರಿನಲ್ಲಿ ನುಂಗಿ. ಎದೆಯುರಿಗೆ ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆ್ಯಂಟಾಸಿಡ್ ಕೂಡ ಫೆಕ್ಸೋಫೆನಡಿನ್ ಮತ್ತು ರೋಸುವಾಸ್ಟಾಟಿನ್ ಎರಡನ್ನೂ ಕಡಿಮೆ ಮಾಡುತ್ತದೆ. ಮಾತ್ರೆ ನುಂಗಿ ಎರಡು ಗಂಟೆ ಆದ ಮೇಲೆ ಅದನ್ನು ಕುಡಿಯಿರಿ.

ಸ್ನಾಯು ನೋವಿನ ಬಗ್ಗೆ ನಿಮಗೆ ಭಯ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಏನನ್ನು ಗಮನಿಸಬೇಕು ಅಂದರೆ, ಎರಡೂ ತೊಡೆ, ಎರಡೂ ಭುಜ, ಎರಡೂ ಕಡೆ ಸಮವಾಗಿ ನೋವು ಅಥವಾ ಸೋಲು. ಮೆಟ್ಟಿಲು ಹತ್ತಲು, ಕೈ ಎತ್ತಿ ತಲೆ ಬಾಚಲು ಕಷ್ಟ. ಬರೀ ಒಂದು ಮೊಣಕಾಲು ನೋವು, ಒಂದು ಕಡೆ ಸೊಂಟ ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಇದರಿಂದಲ್ಲ. ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ, ಕಾಯಬೇಡಿ. ಉಳಿದ ನೋವಿಗೆ ಸಿಕೆ ಪರೀಕ್ಷೆ ಮಾಡಿಸಿ ನೋಡಬಹುದು. ಒಂದು ಅಧ್ಯಯನ ನನಗೆ ಬಹಳ ಪಾಠ ಕಲಿಸಿತು. ತೊಂದರೆ ಆಗುತ್ತದೆ ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಒಂದು ವರ್ಷ, ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಅದರಂತೇ ಕಾಣುವ ಖಾಲಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲದೆ ಇಟ್ಟರು. ಸ್ಯಾಮ್ಸನ್ ಅಂತ ಅದರ ಹೆಸರು, 2020ರಲ್ಲಿ ಪ್ರಕಟವಾಯಿತು. ಸ್ಟ್ಯಾಟಿನ್ ತಿಂಗಳಲ್ಲಿ ಆದ ತೊಂದರೆಯಲ್ಲಿ ನೂರಕ್ಕೆ ಸುಮಾರು 90 ಭಾಗ ಖಾಲಿ ಮಾತ್ರೆ ತಿಂಗಳಲ್ಲೂ ಆಗಿತ್ತು. ನೋವು ಸುಳ್ಳು ಅಂತಲ್ಲ, ನೋವು ನಿಜವೇ. ಮಾತ್ರೆ ನುಂಗುವಾಗಿನ ಆತಂಕವೂ ನೋವು ತರುತ್ತದೆ. ನಿಮ್ಮ ತಲೆಗೆ ಒಬ್ಬರು ಆ ಆತಂಕ ಹಾಕಿದ್ದಾರೆ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ನಿಮ್ಮ ಬಿಪಿ ಮಾತ್ರೆಯ ಹೆಸರು ಬರೆದಿಲ್ಲ. ಅದು ರಾಮಿಪ್ರಿಲ್, ಎನಲಾಪ್ರಿಲ್ ಹೀಗೆ 'ಪ್ರಿಲ್' ಅಂತ ಮುಗಿಯುತ್ತದಾ ನೋಡಿ. ಹೌದಾದರೆ ಎರಡು ವಿಷಯ ಗಮನದಲ್ಲಿರಲಿ. ಈ ಗುಂಪು ಕೆಲವರಿಗೆ ಒಣ ಕೆಮ್ಮು ತರುತ್ತದೆ, ಅದನ್ನು ಅಲರ್ಜಿ ಕೆಮ್ಮು ಅಂದುಕೊಂಡು ತಿಂಗಳುಗಟ್ಟಲೆ ಸೆಟಿರಿಜಿನ್ ನುಂಗಿದರೂ ಹೋಗುವುದಿಲ್ಲ. ಅಪರೂಪಕ್ಕೆ ತುಟಿ, ನಾಲಿಗೆ ಊದಿಕೊಳ್ಳುತ್ತದೆ. ಅದು ಮಾಮೂಲಿ ಅಲರ್ಜಿ ಊತ ಅಲ್ಲ, ಅಲರ್ಜಿ ಮಾತ್ರೆಗೆ ಇಳಿಯುವುದೂ ಇಲ್ಲ. ಮನೆಯಲ್ಲಿ ಕಾಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಸಮಯದ ಬಗ್ಗೆ ಕೇಳಿದ್ದಿರಿ. ಅಟೊರ್ವಾಸ್ಟಾಟಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಹಗಲೋ ರಾತ್ರಿಯೋ ದಿನಾ ಒಂದೇ ಹೊತ್ತಿಗೆ ತಗೊಂಡರೆ ಸಾಕು. ಸಿಮ್ವಾಸ್ಟಾಟಿನ್ ಮಾತ್ರ ರಾತ್ರಿಗೇ ಒಳ್ಳೆಯದು. ಸೆಟಿರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ, ಆದ್ದರಿಂದ ರಾತ್ರಿ ಎರಡನ್ನೂ ಸೇರಿಸಿ ನುಂಗುವುದು ನಿಮಗೆ ಸುಲಭ. ಮರೆಯುವುದೂ ಕಡಿಮೆ. ಸೆಟಿರಿಜಿನ್ ಅನ್ನು ತಿಂಗಳುಗಟ್ಟಲೆ ದಿನಾ ತಗೊಂಡು ಒಮ್ಮೆಲೇ ಬಿಟ್ಟಾಗ ಕೆಲವರಿಗೆ ಮೈಯೆಲ್ಲಾ ಜೋರು ತುರಿಕೆ ಬರುತ್ತದೆ ಅಂತ 2025ರಲ್ಲಿ ಎಫ್‌ಡಿಎ ಎಚ್ಚರಿಸಿದೆ. ಹಾಗಾದರೆ ಅದು ಸ್ಟ್ಯಾಟಿನ್ ಅಲರ್ಜಿ ಅಂತ ತಿಳಿದು ಮತ್ತೆ ಅದನ್ನು ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ.

ಕೊನೆಗೆ, ಮೂರು ವಾರ ನಿಲ್ಲಿಸಿದ್ದನ್ನು ಯಾಕೆ ಹೇಳಲೇಬೇಕು ಅಂದರೆ, ಸ್ಟ್ಯಾಟಿನ್ ಬಿಟ್ಟ ಕೆಲವೇ ವಾರದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಹಳೇ ಮಟ್ಟಕ್ಕೆ ವಾಪಸ್ ಏರುತ್ತದೆ. ಈ ವಾರವೇ ನಿಮ್ಮ ರಕ್ತ ಪರೀಕ್ಷೆ ಇದ್ದರೆ ರಿಪೋರ್ಟ್ ಜಾಸ್ತಿ ತೋರಿಸುತ್ತದೆ. ವಿಷಯ ಗೊತ್ತಿಲ್ಲದ ಡಾಕ್ಟರ್ 20 ಸಾಲುತ್ತಿಲ್ಲ ಅಂದುಕೊಂಡು 40 ಬರೆದುಕೊಡುತ್ತಾರೆ. ಆಗ ಬೇಕಿಲ್ಲದ ಡೋಸ್ ನುಂಗುವವರು ನೀವೇ. ಮಾತ್ರೆ ಮತ್ತೆ ಶುರು ಮಾಡಿ, ಒಂದೂ ದಿನ ಬಿಡದೆ ಆರರಿಂದ ಎಂಟು ವಾರ ತಗೊಂಡು, ಆಮೇಲೆ ಲಿಪಿಡ್ ಪರೀಕ್ಷೆ ಮಾಡಿಸಿ. ಹೋಗುವಾಗ ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್‌ಗಳನ್ನೂ, ಶೀತಕ್ಕೆ ಅಂತ ಡ್ರಾಯರ್‌ನಲ್ಲಿ ಇಟ್ಟಿರುವುದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.